ಮ್ಯಾನ್ ಇನ್ ದ ಮಿಡ್ಲ್ ದಾಳಿ: ಸ್ಥಳೀಯ ಜಾಲಗಳಲ್ಲಿ

ಎರಡು ಕಂಪ್ಯೂಟರುಗಳ ಸಂಪರ್ಕದ ನಡುವೆ ಮೂರನೆಯವನು ಗುಟ್ಟಾಗಿ ಸೇರಿಕೊಂಡು, ಅವು ಕಳಿಸುವ ಮಾಹಿತಿಯನ್ನು ಓದುವ ಇಲ್ಲವೇ ತಿದ್ದುವ ಕೃತ್ಯ. ಕಚೇರಿ, ಸೈಬರ್ ಕೆಫೆ, ಕಾರ್ಖಾನೆಗಳಂತೆ ಹಲವರು ಒಂದೇ ಜಾಲ ಹಂಚಿಕೊಂಡಿರುವಲ್ಲಿ ಇದಕ್ಕೆ ಅವಕಾಶ ಹೆಚ್ಚು.

ಮೂಲ ದೋಷ

1982ರ ನವೆಂಬರಿನಲ್ಲಿ ಡೇವಿಡ್ ಪ್ಲಮ್ಮರ್ ಈಥರ್ನೆಟ್ ಜಾಲಗಳಿಗಾಗಿ ಎಆರ್‌ಪಿ ನಿಯಮಾವಳಿ ಪ್ರಕಟಿಸಿದರು. ಯಾವ ಐಪಿ ವಿಳಾಸ ಯಾವ ಯಂತ್ರದ್ದು ಎಂಬುದನ್ನು ತಿಳಿಯುವ ಕ್ರಮವಿದು. ಒಂದು ಯಂತ್ರ ಇಡೀ ಜಾಲವನ್ನು ಕೇಳುತ್ತದೆ. ಬಂದ ಉತ್ತರವನ್ನು ಪರೀಕ್ಷಿಸದೆ ನಂಬುತ್ತದೆ. ದಾಳಿಕೋರ ಬಳಕೆದಾರನ ಯಂತ್ರಕ್ಕೆ ತಾನೇ ರೌಟರ್ ಎಂದೂ, ರೌಟರಿಗೆ ತಾನೇ ಬಳಕೆದಾರ ಎಂದೂ ಸುಳ್ಳು ಉತ್ತರ ಕಳಿಸಿದರೆ ಎರಡೂ ಕಡೆಯ ಮಾಹಿತಿ ಅವನ ಮೂಲಕವೇ ಹರಿಯುತ್ತದೆ.

ಬೆಳವಣಿಗೆ

ಸುಳ್ಳು ಎಆರ್‌ಪಿ ಉತ್ತರಗಳ ಅಪಾಯವನ್ನು ಸ್ಟೀವನ್ ಬೆಲೊವಿನ್ 1989ರ ಪ್ರಬಂಧದಲ್ಲೇ ಎಚ್ಚರಿಸಿದ್ದರು. 2000ದ ಸುಮಾರಿಗೆ ಡಗ್ ಸಾಂಗ್ ಅವರ ಡಿಸ್ನಿಫ್, 2001ರಲ್ಲಿ ಎಟರ್‌ಕ್ಯಾಪ್ ಸಾಧನಗಳು ಬಂದು, ತಜ್ಞರಿಗಷ್ಟೇ ಸಾಧ್ಯವಿದ್ದ ದಾಳಿ ಸಾಮಾನ್ಯರ ಕೈಗೂ ಎಟುಕಿತು. ಸುರಕ್ಷಿತ ಸಂಪರ್ಕವನ್ನು ಅಸುರಕ್ಷಿತಕ್ಕೆ ಇಳಿಸುವ ತಂತ್ರವನ್ನು ಮಾಕ್ಸಿ ಮಾರ್ಲಿನ್‌ಸ್ಪೈಕ್ 2009ರಲ್ಲಿ ತೋರಿಸಿದರು. ಬ್ರೌಸರು ಸುರಕ್ಷಿತ ಸಂಪರ್ಕವನ್ನೇ ಬಳಸುವಂತೆ ಕಟ್ಟುಮಾಡುವ ಎಚ್‌ಎಸ್‌ಟಿಎಸ್ 2012ರಲ್ಲಿ ಅದಕ್ಕೆ ಉತ್ತರವಾಯಿತು.

ಕಲಬುರಗಿ ಜಿಲ್ಲೆಯ ಸಂದರ್ಭ

ಪಹಣಿಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳನ್ನೂ ತಲುಪಿತು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕು ಕಚೇರಿಗಳೂ ಅದರಲ್ಲಿ ಸೇರಿದವು. ಭೂಮಿಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಆದರೆ ಬೆರಳಚ್ಚು ಕಂಪ್ಯೂಟರಿನ ಮುಂದೆ ಕುಳಿತವರು ಯಾರೆಂದಷ್ಟೇ ಖಚಿತಪಡಿಸುತ್ತದೆ. ತಂತಿಯಲ್ಲಿ ಸಾಗುವ ಮಾಹಿತಿಯನ್ನು ಕಾಯಲು ಗೂಢಲಿಪೀಕರಣವೇ ಬೇಕು. ರೈತನ ಹೊಲದ ದಾಖಲೆಗೆ ಈ ಎರಡೂ ರಕ್ಷಣೆ ಸಲ್ಲಬೇಕು.

ವಾಡಿ, ಸೇಡಂ ಪರಿಸರದ ಸಿಮೆಂಟ್ ಉದ್ಯಮಕ್ಕೆ ಪ್ರಶ್ನೆ ಇನ್ನೂ ಗಂಭೀರ. ಕೈಗಾರಿಕಾ ಯಂತ್ರಗಳ ನಿಯಂತ್ರಣದಲ್ಲಿ ಲೋಕದೆಲ್ಲೆಡೆ ಬಳಕೆಯಲ್ಲಿರುವ, 1979ರಲ್ಲಿ ರೂಪುಗೊಂಡ ಮಾಡ್‌ಬಸ್ ನಿಯಮಾವಳಿಯ ಮೂಲರೂಪದಲ್ಲಿ ಸಂದೇಶ ಕಳಿಸಿದವರು ಯಾರೆಂದು ದೃಢೀಕರಿಸುವ ಏರ್ಪಾಡೇ ಇಲ್ಲ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ತಯಾರಿಸುವ ಗೂಡಿನಲ್ಲಿ ಸುಣ್ಣಕಲ್ಲಿನ ಮಿಶ್ರಣ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಅಂಥ ಕಡೆ ನಡುದಾರಿಯಲ್ಲಿ ತಿದ್ದಿದ ಅಂಕಿ ತೆರೆಯ ಮೇಲೆ ಬಂದರೆ ಕಾರ್ಮಿಕರ ಜೀವಕ್ಕೇ ಅಪಾಯ. ಆದ್ದರಿಂದ ನಿಯಂತ್ರಣ ಜಾಲವನ್ನು ಕಚೇರಿ ಜಾಲದಿಂದ ಬೇರ್ಪಡಿಸುವುದು ಮೊದಲ ಕರ್ತವ್ಯ.

ತಡೆ ಮತ್ತು ಕಾನೂನು

ಎಆರ್‌ಪಿ ಉತ್ತರಗಳನ್ನು ತಾಳೆ ನೋಡಿ ಸುಳ್ಳನ್ನು ತಡೆಯುವ ಸ್ವಿಚ್‌ಗಳಿವೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ವೈಫೈ ರಕ್ಷಣೆಯನ್ನು ಬಿಗಿಗೊಳಿಸಿತು. ಬ್ರೌಸರು ಪ್ರಮಾಣಪತ್ರದ ಎಚ್ಚರಿಕೆ ತೋರಿಸಿದಾಗ ಮುಂದುವರಿಯದಿರುವುದು ಬಳಕೆದಾರರೇ ಪಾಲಿಸಬಹುದಾದ ಮುಖ್ಯ ನಿಯಮ.

ಅನುಮತಿಯಿಲ್ಲದೆ ಜಾಲ ಪ್ರವೇಶಿಸಿ ಮಾಹಿತಿ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಂಗಳ ವ್ಯಾಪ್ತಿಗೆ ಬರುತ್ತದೆ. ವಂಚನೆಯ ಉದ್ದೇಶವಿದ್ದರೆ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಣ ಕಳೆದುಕೊಂಡವರು ಕೂಡಲೇ 1930 ಸಹಾಯವಾಣಿಗೆ ದೂರು ಕೊಡಬೇಕು.