ಬೇಸಗೆಯ ಬಯಲಾಟ ಮತ್ತು ಎಳೆಯ ಶ್ರೋತೃಗಳು

ಕೊಯಿಲು ಮುಗಿದು, ಗದ್ದೆಯ ಕೂಳೆ ಒಣಗಿ, ಮುಂಗಾರಿನ ಮೋಡಗಳು ಇನ್ನೂ ಕಡಲಾಚೆಯಲ್ಲಿಯೇ ಇರುವ ಚೈತ್ರ-ವೈಶಾಖಗಳಲ್ಲಿ, ಅಂಕೋಲೆಯ ಬಂಡಿಹಬ್ಬದ ಆಸುಪಾಸಿನ ದಿನಗಳಲ್ಲಂತೂ, ಈ ಸೀಮೆಯ ಗೃಹಸ್ಥರು ಮಕ್ಕಳುಮರಿಗಳೊಡನೆ ಚಾಪೆ-ಕಂಬಳಿಗಳನ್ನು ಹೊತ್ತು ಯಕ್ಷಗಾನ ಬಯಲಾಟಕ್ಕೆ ಹೊರಡುತ್ತಿದ್ದ ಪದ್ಧತಿಯನ್ನು ಕೇವಲ ವಿನೋದವೆಂದು ಎಣಿಸುವುದು ಅಲ್ಪದೃಷ್ಟಿಯೇ ಸರಿ. ಹಣ ತೆತ್ತು ಕೂರುವ ಸಂಗೀತಸಭೆಗಳು ದುರ್ಲಭವಾಗಿದ್ದ ಕರಾವಳಿಯ ಹಳ್ಳಿಗಳಲ್ಲಿ ಎಳೆಯ ಕಿವಿಗಳಿಗೆ ರಾಗ-ತಾಳಗಳ ಪ್ರಥಮ ಪರಿಚಯವಾದುದು ಬಹುಮಟ್ಟಿಗೆ ಅಲ್ಲಿಯೇ. ಯಕ್ಷಗಾನವು ಶಾಸ್ತ್ರೀಯವೋ ಜಾನಪದವೋ ಎಂಬ ವಿವಾದವನ್ನು ಪಂಡಿತರು ನಡೆಸಿಕೊಳ್ಳಲಿ. ಕಚೇರಿಯ ರಾಗಗಳ ಹೆಸರನ್ನೇ ಹೊತ್ತರೂ ತನ್ನದೇ ಜಾಡಿನಲ್ಲಿ ಸಾಗುವ ಆ ಗಾನಕ್ಕೆ ಒಂದು ಶಿಸ್ತುಂಟೆಂಬುದು ಒಮ್ಮೆ ಭಾಗವತರ ಸಮೀಪದಲ್ಲಿ ಕುಳಿತವರಿಗೆ ತಿಳಿದೇ ಇದೆ.

ಆಟದ ರಚನೆಯೇ ಬಾಲಕರಿಗೆ ಅನುಕೂಲವಾಗಿದ್ದಿತು. ಮಾವಿನೆಲೆಯ ತೋರಣ ಕಟ್ಟಿದ ನಾಲ್ಕು ಕಂಬಗಳ ನಡುವಣ ನೆಲವೇ ರಂಗಸ್ಥಳ. ಬೆಳಕಿಗೆ ಎಣ್ಣೆಯ ದೀವಟಿಗೆ, ಅನಂತರದ ಕಾಲಕ್ಕೆ ಗ್ಯಾಸುಬತ್ತಿ. ಶ್ರುತಿಗೆ ಮೊದಲು ಪುಂಗಿ, ಬಳಿಕ ಹಾರ್ಮೋನಿಯಂ. ಮುಂದಿನ ಚಾಪೆಗಳು ಮಕ್ಕಳವು. ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಕಟ್ಟುತ್ತಿದ್ದವರು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರಾದುದರಿಂದ, ನೋಡಬಂದ ಬಾಲಕನಿಗೆ ತನ್ನ ಓರಗೆಯವನೇ ತಾಳಕ್ಕೆ ಹೆಜ್ಜೆಯಿಡುವುದು ಕಾಣುತ್ತಿತ್ತು. ಒಡ್ಡೋಲಗವಾಗಿ ಪ್ರಸಂಗವು ಬೆಳೆಯುವಷ್ಟರಲ್ಲಿ ನೋಡಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ನಿದ್ರಾವಶರಾಗುತ್ತಿದ್ದರು. ರಾಕ್ಷಸನ ಪ್ರವೇಶಕ್ಕೆ ಚಂಡೆಯು ಮೊಳಗಿದಾಗ ಬೆಚ್ಚಿ ಎದ್ದು, ಕಣ್ಣುಜ್ಜಿ, ತಾಯಿಯ ಸೆರಗು ಹಿಡಿದು, ಮರಳಿ ಮಲಗುತ್ತಿದ್ದರು. ಹೀಗೆ ಕೇಳಿದ್ದು ವ್ಯರ್ಥವಾಗುತ್ತಿತ್ತೆಂದು ನಾನು ಒಪ್ಪಲಾರೆ: ರಾಗದ ಹೆಸರು ಹೇಳಲಾರದ ಹುಡುಗನೂ ಅಷ್ಟತಾಳವಾವುದು, ತ್ರಿವುಡೆಯಾವುದು ಎಂಬುದನ್ನು ತೊಡೆಯ ಮೇಲೆ ತಟ್ಟಿ ತೋರಿಸಬಲ್ಲವನಾಗಿ ದೊಡ್ಡವನಾಗುತ್ತಿದ್ದನು.

ಈ ಬಯಲಿನ ವಿದ್ಯೆಯು ಎಷ್ಟು ದೂರ ಹರಿಯಿತೆಂಬುದಕ್ಕೆ ಇತಿಹಾಸದ ಸಾಕ್ಷ್ಯವಿದೆ. ಹೊನ್ನಾವರದ ಬಳಿಯ ಕರ್ಕಿಯ ಮೇಳವು 1842ರಲ್ಲಿ ಸಾಂಗಲಿಯ ಪಟವರ್ಧನ ಸಂಸ್ಥಾನಿಕರೆದುರು ಆಡಿದ ಆಟದ ಪ್ರೇರಣೆಯಿಂದಲೇ ಮರುವರ್ಷ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರೆಂದು ಮರಾಠಿ ರಂಗಭೂಮಿಯ ಚರಿತ್ರಕಾರರೇ ಬರೆದಿದ್ದಾರೆ. ಅದೇ ರಂಗಭೂಮಿಯು, ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರಿಂದ 1880ರಲ್ಲಿ ‘ಶಾಕುಂತಲ’ದ ಸಂಗೀತನಾಟಕವಾಗಿ ಅರಳಿತು. ಇತ್ತ 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರವು ಅದರ ಜಿಲ್ಲಾಸ್ಥಾನವಾದುದರಿಂದ, ಮುಂಬಯಿಯ ಹಡಗುಗಳೊಡನೆ ಮರಾಠಿ ನಾಟ್ಯಗೀತಗಳೂ ಹಿಂದುಸ್ತಾನಿ ಗಾಯನವೂ ಈ ಬಂದರಿಗೆ ಬಂದಿಳಿದವು. ಕರ್ಕಿಯಿಂದ ಹೊರಟ ಸಾಲವು ಬಡ್ಡಿಸಹಿತ ಹಿಂದಿರುಗಿತೆನ್ನಬೇಕು. ಕಾರವಾರದ ಜಾತ್ರೆಗಳಲ್ಲಿ ಆಟಕ್ಕಿಂತ ನಾಟಕಕ್ಕೇ ಜನ ಸೇರುವುದೇಕೆಂದು ಅಂಕೋಲೆಯವರು ಮೂದಲಿಸುವಾಗ ಈ ಬಂಧುತ್ವವನ್ನು ಮರೆತಿರುತ್ತಾರೆ.

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕಾಲಕ್ಕೂ ಮಗುವಿನ ಪಾಠಶಾಲೆಯು ಇಡೀ ರಾತ್ರಿಯದೇ ಆಗಿದ್ದಿತು; ಅವರ ಪುತ್ರ ಶಂಭು ಹೆಗಡೆಯವರು ಗುಣವಂತೆಯಲ್ಲಿ ಮಕ್ಕಳಿಗೂ ಯುವಕರಿಗೂ ಕ್ರಮಬದ್ಧ ಶಿಕ್ಷಣ ಕೊಡುವ ಕೇಂದ್ರವನ್ನು ತೆರೆಯುವ ಹೊತ್ತಿಗೆ ಆ ರಾತ್ರಿಯೇ ಕಿರಿದಾಗತೊಡಗಿತ್ತು. ಈಗಿನ ಕಾಲಮಿತಿಯ ಆಟವು ನಡುರಾತ್ರಿಯ ಸುಮಾರಿಗೆ ಮುಗಿಯುತ್ತದೆ, ಪೂರ್ವರಂಗವು ಅನೇಕ ಕಡೆ ಹೆಸರಿಗಷ್ಟೇ ಉಳಿದಿದೆ. ಮಕ್ಕಳು ಮಲಗುವುದಿಲ್ಲ ನಿಜ. ಆದರೆ ಕೋಡಂಗಿಯನ್ನೂ ಬಾಲಗೋಪಾಲರನ್ನೂ ಅವರು ಕಾಣುವುದೂ ಇಲ್ಲ, ಬೆಳಗಿನ ಜಾವದ ಮಂಗಳಪದವನ್ನು ಕೇಳುವುದೂ ಇಲ್ಲ.