ಕ್ಷಾಮದ ಸಾಕ್ಷಿ ಜೈನುಲ್ ಆಬೆದಿನ್

ಬಂಗಾಳದ ಚಿತ್ರಕಲೆ ಎಂದೊಡನೆ ನಮಗೆ ಠಾಕೂರರ ಮನೆತನ, ಜಾಮಿನಿ ರಾಯ್ ನೆನಪಾಗುತ್ತಾರೆ. ಓದುಗರೇ, ಜೈನುಲ್ ಆಬೆದಿನ್ ಅವರ ಹೆಸರನ್ನು ತಾವು ಕೇಳಿದ್ದೀರಾ? ಪೊಲೀಸ್ ಇಲಾಖೆಯ ನೌಕರರೊಬ್ಬರ ಮಗನಾಗಿ 1914ರಲ್ಲಿ ಈಗಿನ ಬಾಂಗ್ಲಾದೇಶದ ಕಿಶೋರ್‌ಗಂಜ್‌ನಲ್ಲಿ ಜನಿಸಿದ ಇವರು ಬೆಳೆದದ್ದು ಬ್ರಹ್ಮಪುತ್ರಾ ನದಿಯ ಸೀಮೆಯಲ್ಲಿ. 1933ರಲ್ಲಿ ಕಲ್ಕತ್ತೆಯ ಸರಕಾರಿ ಕಲಾಶಾಲೆ ಸೇರಿದರು. ಆ ನದಿಯನ್ನೇ ಬಿಡಿಸಿದ ಜಲವರ್ಣ ಚಿತ್ರಗಳಿಗೆ 1938ರಲ್ಲಿ ಚಿನ್ನದ ಪದಕ ಬಂತು. ಮುಂದೆ ಅದೇ ಶಾಲೆಯಲ್ಲಿ ಅಧ್ಯಾಪಕರಾದರು.

ನದಿ, ದೋಣಿ, ಹಸಿರು ಎಂದುಕೊಂಡೇ ಅವರು ಇದ್ದುಬಿಡಬಹುದಿತ್ತು. ಆದರೆ 1943 ಬಂತು. ಜಪಾನ್ ಸೈನ್ಯ ಬರ್ಮಾವನ್ನು ಹಿಡಿದುದರಿಂದ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರಕಾರ ಕರಾವಳಿಯ ಜನರ ದೋಣಿಗಳನ್ನೇ ಕಿತ್ತುಕೊಂಡಿತ್ತು. 1942ರ ಅಕ್ಟೋಬರಿನ ಚಂಡಮಾರುತ ಮೇದಿನಿಪುರವನ್ನು ಹಾಳುಗೆಡವಿತ್ತು. ಅಕ್ಕಿಯ ಬೆಲೆ ಬಡವರ ಕೈ ಮೀರಿತು. ಸತ್ತವರು ಸುಮಾರು 30 ಲಕ್ಷ ಎಂಬುದು ಬಹುಮಂದಿ ಒಪ್ಪುವ ಅಂದಾಜು. ಹಳ್ಳಿಗಳಿಂದ ಅನ್ನ ಹುಡುಕಿ ಬಂದವರು ಕಲ್ಕತ್ತೆಯ ಬೀದಿಗಳಲ್ಲೇ ಪ್ರಾಣ ಬಿಟ್ಟರು.

ಆಬೆದಿನ್ ಆ ಬೀದಿಗಳಲ್ಲಿ ತಿರುಗಿ ಕಂಡದ್ದನ್ನು ಬಿಡಿಸಿದರು. ಸಾಮಾನು ಕಟ್ಟುವ ಅಗ್ಗದ ಕಾಗದ, ಕಪ್ಪು ಶಾಯಿ, ಒಂದು ಕುಂಚ, ಇಷ್ಟೇ ಸಲಕರಣೆ. ಎಲುಬಿನ ಗೂಡಾದ ತಾಯಿ, ಅವಳ ಮಗು, ಹೆಣದ ಬಳಿ ಕಾಗೆ, ಕಸದ ತೊಟ್ಟಿಯ ಹತ್ತಿರ ನಾಯಿಯೂ ಮನುಷ್ಯನೂ. ಅಲಂಕಾರವಿಲ್ಲ, ಹಿನ್ನೆಲೆಯೂ ಇಲ್ಲವೆನ್ನಬೇಕು. ಪದಕ ತಂದ ಬಣ್ಣದ ಚಿತ್ರಗಳಿಗಿಂತ ಈ ಕಪ್ಪು ಗೆರೆಗಳೇ ದೊಡ್ಡವು ಎಂಬುದು ನನ್ನ ಅಭಿಪ್ರಾಯ. ಅಂಕಿಅಂಶ ಓದಿದಾಗ ನಮಗೆ 30 ಲಕ್ಷ ಕಾಣುತ್ತದೆ. ಇಲ್ಲಿ ಒಬ್ಬ ತಾಯಿ ಕಾಣುತ್ತಾಳೆ.

ದೇಶ ವಿಭಜನೆಯಾದಾಗ ಅವರು ಕಲ್ಕತ್ತೆ ಬಿಟ್ಟು ಢಾಕಾಕ್ಕೆ ಹೋದರು. ಆ ಊರಲ್ಲಿ ಕಲಾಶಾಲೆಯೇ ಇರಲಿಲ್ಲ. 1948ರಲ್ಲಿ ಒಂದು ವೈದ್ಯಕೀಯ ಶಾಲೆಯ ಕಟ್ಟಡದ ಎರಡು ಕೋಣೆಗಳಲ್ಲಿ, 18 ವಿದ್ಯಾರ್ಥಿಗಳೊಂದಿಗೆ ಅದು ಆರಂಭವಾಯಿತು. 1954ರಲ್ಲಿ ಹೆಣ್ಣುಮಕ್ಕಳೂ ಸೇರಿದರು. ಹೆಸರು ಮಾಡಿದ ಕಲಾವಿದನೊಬ್ಬ ಕುಂಚ ಬದಿಗಿಟ್ಟು ಕಟ್ಟಡ, ಅನುದಾನ, ಹಾಜರಿ ಪುಸ್ತಕ ಎಂದು ಓಡಾಡುವುದು ಸಣ್ಣ ಮಾತಲ್ಲ. ಶಾಲೆ ನಡೆಸಿದವರಿಗೆ ಇದು ಗೊತ್ತು. 1967ರವರೆಗೂ ಅವರು ಅದರ ಮುಖ್ಯಸ್ಥರಾಗಿದ್ದರು. ಇಂದು ಅದು ಢಾಕಾ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ. ಜನ ಅವರನ್ನು 'ಶಿಲ್ಪಾಚಾರ್ಯ' ಎಂದು ಕರೆದರು.

ಆದರೂ ಅವರ ಕುಂಚ ಒಣಗಲಿಲ್ಲ. 1970ರ ನವೆಂಬರಿನ ಚಂಡಮಾರುತ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಾಗ, ಮನ್‌ಪುರಾ ದ್ವೀಪದ ಹೆಣಗಳ ಸಾಲನ್ನು ಸುಮಾರು 30 ಅಡಿ ಉದ್ದದ ಸುರುಳಿಯಲ್ಲಿ ಬಿಡಿಸಿದರು. 1975ರಲ್ಲಿ ಸೋನಾರ್‌ಗಾಂವ್‌ನಲ್ಲಿ ಹಳ್ಳಿಯ ನೇಕಾರರ, ಕುಂಬಾರರ ಕೈಕೆಲಸಗಳಿಗಾಗಿ ಜಾನಪದ ಸಂಗ್ರಹಾಲಯ ಸ್ಥಾಪಿಸಿದರು. 1976ರ ಮೇ 28ರಂದು ಅವರು ತೀರಿಕೊಂಡಾಗ ಢಾಕಾ ವಿಶ್ವವಿದ್ಯಾಲಯದ ಮಸೀದಿಯ ಬಳಿ ದಫನ ಮಾಡಲಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಕವಿ ನಜ್ರುಲ್ ಇಸ್ಲಾಂ ಅವರಿಗೂ ಅಲ್ಲಿಯೇ ಜಾಗವಾಯಿತು.