ವಾಷಿಂಗ್ ಮಷೀನ್ ಮುಟ್ಟಿದರೆ ಜುಮ್ ಅನ್ನುತ್ತಿದೆಯೇ? ಚಪ್ಪಲಿ ಹಾಕಿಕೊಂಡರೆ ಸಾಲದು

ವಾಷಿಂಗ್ ಮಷೀನ್ ಮುಟ್ಟಿದಾಗ ಸಣ್ಣಗೆ ಶಾಕ್ ಹೊಡೆದರೆ ಗಾಬರಿ ಬೇಡ, ಅದು ಬಟ್ಟೆ ಉಜ್ಜಾಡುವುದರಿಂದ ಬರುವ ಸ್ಟ್ಯಾಟಿಕ್ ಕರೆಂಟ್, ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕು ಎನ್ನುವ ಸಲಹೆ ಕುಟುಂಬದ ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ. ಮನೆಯಲ್ಲಿ ಎಂಸಿಬಿ ಇದ್ದರೆ ಏನೂ ಆಗಲ್ಲ ಎಂಬ ಸಮಾಧಾನವೂ ಅದರ ಬೆನ್ನಿಗೇ ಬರುತ್ತದೆ. ಎರಡೂ ತಪ್ಪು. ಎರಡನೆಯದಂತೂ ಅಪಾಯಕಾರಿ ತಪ್ಪು.

ಸ್ಟ್ಯಾಟಿಕ್ ಕರೆಂಟ್ ಒಣ ಹವೆಯಲ್ಲಿ ಹುಟ್ಟುವಂಥದ್ದು. ಒಂದು ಸಲ ಚಟ್ ಎಂದು ಮುಗಿದುಹೋಗುತ್ತದೆ. ಒದ್ದೆ ಬಟ್ಟೆ, ಒದ್ದೆ ನೆಲ ಇರುವ ಕಡೆ, ಮುಟ್ಟಿದಷ್ಟು ಹೊತ್ತೂ ಜುಮ್ ಅನ್ನುತ್ತಿದ್ದರೆ ಅದು ಗೋಡೆಯ ಸಾಕೆಟ್‌ನಿಂದ ಬರುತ್ತಿರುವ 230 ವೋಲ್ಟ್‌ನ ಕರೆಂಟ್.

ಅದು ಮಷೀನಿನ ಮೈಗೆ ಬರುವುದು ಹೇಗೆ? ಸಾಮಾನ್ಯವಾಗಿ ಎರಡು ದಾರಿ. ಆಟೋಮ್ಯಾಟಿಕ್ ಮಷೀನುಗಳ ಒಳಗೆ ವಿದ್ಯುತ್ ಗದ್ದಲ ತಡೆಯುವ ಒಂದು ಫಿಲ್ಟರ್ ಇರುತ್ತದೆ. ಅದರ ಪುಟ್ಟ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಲೋಹದ ಮೈಗೆ ಸೇರಿಸುತ್ತವೆ. ಅವುಗಳ ಮೂಲಕ ಬರುವ ಅತಿ ಸಣ್ಣ ಕರೆಂಟ್ ಅರ್ಥ್ ತಂತಿಯಲ್ಲಿ ಹರಿದು ಹೋಗಬೇಕು. ಮನೆಯ ಅರ್ಥ್ ಕಡಿದಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ಮೈಯಲ್ಲಿ ಸುಮಾರು 115 ವೋಲ್ಟ್ ನಿಂತುಬಿಡುತ್ತದೆ. ಇಲ್ಲಿ ಮಷೀನ್ ಕೆಟ್ಟಿಲ್ಲ, ಕೆಟ್ಟಿರುವುದು ಮನೆಯ ವೈರಿಂಗ್. ಎರಡನೆಯ ದಾರಿ ನಿಜವಾದ ಸೋರಿಕೆ: ಹೀಟರ್ ಒಳಗೆ ಬಿರುಕು, ಮೋಟರ್ ಮೇಲೆ ತೊಟ್ಟಿಕ್ಕುವ ನೀರು, ಅಥವಾ ತಳದಿಂದ ನುಗ್ಗಿದ ಇಲಿ ಕಡಿದ ವೈರ್. (ಇಲಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅನೇಕ ಮಷೀನುಗಳ ತಳ ತೆರೆದೇ ಇರುತ್ತದೆ.) ಇವೆರಡರಲ್ಲಿ ಯಾವುದು ಎಂದು ಕೈಯಲ್ಲಿ ಮುಟ್ಟಿ ತಿಳಿಯಲಾಗದು. ಟೆಸ್ಟರ್‌ನ ನಿಯಾನ್ ದೀಪ ಎರಡಕ್ಕೂ ಹೊಳೆಯುತ್ತದೆ.

ಇನ್ನು ಎಂಸಿಬಿಯ ಮಾತು. ಅದು ಬೀಳುವುದು ವೈರ್ ಸುಡುವಷ್ಟು ಕರೆಂಟ್ ಹರಿದಾಗ. 16 ಆಂಪಿಯರ್ ಎಂಸಿಬಿ ಅದಕ್ಕಿಂತ ಕಡಿಮೆ ಕರೆಂಟಿಗೆ ಅಲುಗುವುದೇ ಇಲ್ಲ. ಮನುಷ್ಯನ ಲೆಕ್ಕ ಬೇರೆ. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲಾಗದೆ ಹೋಗಬಹುದು. ಅದರ ಕೆಲವು ಪಟ್ಟು ಎದೆಯ ಮೂಲಕ ಹರಿದರೆ ಹೃದಯದ ಲಯವೇ ತಪ್ಪಬಹುದು. ಒಂದು ಆಂಪಿಯರ್ ಎಂದರೆ ಸಾವಿರ ಮಿಲಿ ಆಂಪಿಯರ್ ಎಂಬುದನ್ನು ನೆನಪಿಟ್ಟುಕೊಂಡರೆ ಅಂತರ ಎಷ್ಟೆಂದು ಗೊತ್ತಾಗುತ್ತದೆ. ಮನುಷ್ಯರಿಗಾಗಿ ಇರುವ ಸಾಧನ ಆರ್‌ಸಿಸಿಬಿ. ಹೋದ ಕರೆಂಟ್ ಮತ್ತು ವಾಪಸ್ ಬಂದ ಕರೆಂಟ್ ನಡುವೆ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಸಂಪರ್ಕ ಕಡಿಯುತ್ತದೆ. ಅರ್ಥ್ ಸರಿಯಿದ್ದರೆ ಸೋರಿಕೆ ಶುರುವಾದ ಕೂಡಲೇ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿ ಶಾಕ್ ತಿಂದ ಮೇಲೆ ಬೀಳುತ್ತದೆ. ಹಾಗಾಗಿ ಎರಡೂ ಬೇಕು.

ಚಪ್ಪಲಿಯ ವಿಷಯಕ್ಕೆ ಬಂದರೆ, ಒಣ ರಬ್ಬರ್ ಕಾಲಿನ ದಾರಿಯನ್ನು ಮಾತ್ರ ತಡೆದೀತು. ಇನ್ನೊಂದು ಕೈ ಲೋಹದ ನಲ್ಲಿಯ ಮೇಲಿದ್ದರೆ? ಬರಿಗಾಲಿನ ಮಗು ಬಂದು ಮುಟ್ಟಿದರೆ?

ಜುಮ್ ಅಂದರೆ ಬಳಕೆ ನಿಲ್ಲಿಸಿ. ಒದ್ದೆ ಕೈಯಲ್ಲಿ ಪ್ಲಗ್ ಎಳೆಯಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ. ಬಳಿಕ ನೋಡಬಹುದಾದದ್ದು ಇಷ್ಟು: ಮೂರು ಪಿನ್‌ನ ಪ್ಲಗ್ಗನ್ನು ಎರಡು ಪಿನ್‌ನ ಅಡಾಪ್ಟರ್‌ಗೆ ಸಿಕ್ಕಿಸಿದ್ದೀರಾ? ದಪ್ಪ, ಉದ್ದ ಪಿನ್ ಮುರಿದಿದೆಯೇ? ಅದೇ ಅರ್ಥ್ ಪಿನ್. ಎಲ್ಲಕ್ಕಿಂತ ಮೊದಲು ಕೂಡಿಕೊಂಡು ಕೊನೆಗೆ ಬಿಡಲಿ ಎಂದೇ ಅದನ್ನು ಉದ್ದ ಮಾಡಿರುತ್ತಾರೆ. ಪ್ಲಗ್ ಕರಗಿದ್ದರೆ ಅದು ಬೇರೆ ಕಥೆ. 2000 ವ್ಯಾಟ್ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಎಕ್ಸ್‌ಟೆನ್ಷನ್ ಬೋರ್ಡ್ ಅದನ್ನು ತಾಳುವುದಿಲ್ಲ.

ಆರ್‌ಸಿಸಿಬಿ ಬೀಳುತ್ತಿದ್ದರೆ, ಯಾವಾಗ ಬೀಳುತ್ತದೆ ಎಂದು ಗಮನಿಸಿ ಮೆಕ್ಯಾನಿಕ್‌ಗೆ ಹೇಳಿ. ಸ್ವಿಚ್ ಹಾಕಿದ ಕೂಡಲೇ ಬಿದ್ದರೆ ಅನುಮಾನ ವೈರ್ ಅಥವಾ ಫಿಲ್ಟರ್ ಮೇಲೆ. ತಣ್ಣೀರಿನ ವಾಷ್ ಸರಾಗವಾಗಿ ನಡೆದು ಬಿಸಿನೀರಿನದ್ದಕ್ಕೆ ಮಾತ್ರ ಬಿದ್ದರೆ ಹೆಚ್ಚಾಗಿ ಹೀಟರ್. ಸ್ಪಿನ್ ಹೊತ್ತಿಗೆ ಬಿದ್ದರೆ ಮೋಟರ್, ಇಲ್ಲವೇ ಅದರ ಮೇಲೆ ನೀರು. ಪದೇಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆಸಬೇಡಿ. ಸೆಮಿ ಆಟೋಮ್ಯಾಟಿಕ್ ಮೋಟರ್ ಗುಂಯ್ ಎನ್ನುತ್ತಾ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು. ವಿಡಿಯೊ ನೋಡಿ ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು.

ಎರಡು ಅಡ್ಡದಾರಿಗಳ ಬಗ್ಗೆ ಹೇಳಲೇಬೇಕು. ಅರ್ಥ್ ಇಲ್ಲದ ಮನೆಯಲ್ಲಿ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಜೋಡಿಸಿ ಹೋಗುತ್ತಾರೆ. ಜುಮ್ ಅನ್ನುವುದು ನಿಲ್ಲುತ್ತದೆ, ನಿಜ. ಆದರೆ ಎಂದಾದರೂ ಮನೆಯ ನ್ಯೂಟ್ರಲ್ ಕಡಿದರೆ ಮಷೀನಿನ ಇಡೀ ಮೈಗೆ ಪೂರಾ 230 ವೋಲ್ಟ್ ಬರುತ್ತದೆ. ಇನ್ನೊಂದು, ಅರ್ಥ್ ವೈರನ್ನು ನಲ್ಲಿಗೆ ಕಟ್ಟುವುದು. ಈಗಿನ ಪ್ಲಾಸ್ಟಿಕ್ ಪೈಪಿನಲ್ಲಿ ಅದು ಅರ್ಥ್ ಆಗುವುದೇ ಇಲ್ಲ. ಹಳೆಯ ಕಬ್ಬಿಣದ ಪೈಪಾದರೆ ಮನೆಯ ಬೇರೆ ನಲ್ಲಿಗಳಿಗೂ ಕರೆಂಟ್ ಹರಡಬಹುದು. ಸರಿಯಾದ ಕೆಲಸವೆಂದರೆ ಎಲೆಕ್ಟ್ರಿಷಿಯನ್ ಕರೆಸಿ, ಸಾಕೆಟ್‌ನಿಂದ ಅಂಗಳದ ಅರ್ಥ್ ಗುಂಡಿಯವರೆಗೆ ಪರೀಕ್ಷೆ ಮಾಡಿಸುವುದು. ಉಪ್ಪು, ಇದ್ದಿಲು ಹಾಕಿ ಮಾಡಿದ ಹಳೆಯ ಗುಂಡಿಗಳು ಬೇಸಿಗೆಯಲ್ಲಿ ಒಣಗಿ ಕೆಲಸ ಕಡಿಮೆ ಮಾಡುತ್ತವೆ; ಅದಕ್ಕೇ ಹಿಂದಿನವರು ಅವಕ್ಕೆ ನೀರು ಹಾಕುತ್ತಿದ್ದುದು.

ಯಾರಾದರೂ ಮಷೀನಿಗೆ ಅಂಟಿಕೊಂಡಂತೆ ನಿಂತಿದ್ದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ, ನಂತರ 108ಕ್ಕೆ ಕರೆ ಮಾಡಿ.

ನಿಮ್ಮ ಮನೆಯ ಬೋರ್ಡ್‌ನಲ್ಲಿ 'ಟೆಸ್ಟ್' ಗುಂಡಿ ಇರುವ ಸ್ವಿಚ್ ಇದೆಯೇ ಎಂದು ಈಗಲೇ ನೋಡಿ. ಅದೇ ಆರ್‌ಸಿಸಿಬಿ. ಕರೆಂಟ್ ಇರುವಾಗ ಗುಂಡಿ ಒತ್ತಿದರೆ ಅದು ತಕ್ಷಣ ಬೀಳಬೇಕು, ಬೀಳದಿದ್ದರೆ ಬದಲಿಸಬೇಕು. ಆದರೆ ಆ ಗುಂಡಿ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ, ಮನೆಯ ಅರ್ಥ್ ಅನ್ನು ಅಲ್ಲ.